ಬನಾರಸಿನ ತಾರಸಿಗಳ ಮೇಲೆ ತಂತಿ ಎಳೆದದ್ದು

ಮೊಬೈಲಿನಲ್ಲಿ ಹೆಬ್ಬೆರಳಿನಿಂದ ಬರೆಯುವುದನ್ನು ನಾನು ಕಲಿತದ್ದು ಈಗ, ಈ ವಯಸ್ಸಿನಲ್ಲಿ. ಕಲಿಸಿದವಳು ಮೊಮ್ಮಗಳು ಚಿನ್ಮಯಿ. ಮೊದಲ ದಿನವೇ ಗದರಿಸಿದಳು: "ಅಜ್ಜೀ, ಮೆಲ್ಲಗೆ ಒತ್ತು. ರೊಟ್ಟಿ ತಟ್ತಾ ಇದ್ದೀಯಾ?" ಈಗ ಮುಟ್ಟಿದರೆ ಸಾಕು, ಅಕ್ಷರ ಬರುತ್ತದೆ. ಅವಳಿಗಿಂತ ಉದ್ದುದ್ದ ಬರೆಯುತ್ತೇನೆ ಎಂದು ಅವಳಿಗೆ ಹೊಟ್ಟೆಯುರಿ.

ಚಿನ್ಮಯಿ ಭೇಲೂಪುರದ ಒಂದು ಇಂಟರ್ನೆಟ್ ಕಂಪನಿಗೆ ಹೊಸದಾಗಿ ಸೇರಿದ್ದಾಳೆ. ಮನೆಮನೆಗೆ ಫೈಬರ್ ಎಳೆಸುವ ಕೆಲಸ. ಹೋದ ಭಾನುವಾರ ಅವಳೂ ಅವಳ ಆಫೀಸಿನ ಹುಡುಗಿಯರೂ ನಮ್ಮ ಮನೆಯಲ್ಲಿ ಕೂತು ಒಂದು ಹಳೆಯ ಇಂಗ್ಲಿಷ್ ಸಿನಿಮಾ ನೋಡಿದರು. ನಾನೂ ನೋಡಿದೆ. ಉದ್ದಕ್ಕೂ ಬಯಲು, ಕುದುರೆಗಳು, ದೊಡ್ಡ ದೊಡ್ಡ ಟೋಪಿಯ ಗಂಡಸರು. ಕಂಬ ನೆಡುತ್ತಾರೆ, ತಂತಿ ಎಳೆಯುತ್ತಾರೆ, ಮುಂದೆ ಹೋಗುತ್ತಾರೆ. ಅಡ್ಡ ಬಂದವರ ಜೊತೆ ಬಂದೂಕು ಹಿಡಿದು ಬಡಿದಾಡುತ್ತಾರೆ. ಕೊನೆಗೆ ತಂತಿ ಊರು ಮುಟ್ಟುತ್ತದೆ.

"ಅಜ್ಜೀ, ಸಚ್ ಹೇಳು, ನಿಮ್ಮ ಕಾಲ್ದಲ್ಲೂ ಹಿಂಗೇ ಇತ್ತಾ?" ಎಂದಳು ಚಿನ್ಮಯಿ.

"ಇದಕ್ಕಿಂತ ಕಷ್ಟ ಇತ್ತು" ಎಂದೆ.

ಹುಡುಗಿಯರೆಲ್ಲ ಕಿಲಕಿಲ ನಕ್ಕರು. ನಗಲಿ. ಆ ಟೋಪಿಯವರಿಗೆ ಕಂಬ ನೆಡಲು ಜಾಗವಾದರೂ ಇತ್ತು. ಬಂಗಾಲಿ ಟೋಲಾದ ಗಲ್ಲಿಯಲ್ಲಿ ಒಂದು ಕಂಬ ನೆಟ್ಟರೆ ಮನುಷ್ಯರು ಓಡಾಡುವುದೆಲ್ಲಿ, ಗೂಳಿ ಓಡಾಡುವುದೆಲ್ಲಿ? ಆದ್ದರಿಂದ ನಾವು ಹೇಗೆ ತಂತಿ ಎಳೆದೆವು ಎಂದು ಬರೆದು ಕೊಡುತ್ತೇನೆ ಎಂದೆ. ಕನ್ನಡದಲ್ಲೇ ಬರೆಯುತ್ತಿದ್ದೇನೆ. ಚಿನ್ಮಯಿಗೆ ಕನ್ನಡ ಮಾತು ಬರುತ್ತದೆ, ಓದುವುದಕ್ಕೆ ತಡವರಿಸುತ್ತಾಳೆ. ಅವಳು ನನಗೆ ಒತ್ತುವುದನ್ನು ಕಲಿಸಿದಳು, ನಾನು ಅವಳಿಗೆ ಓದುವುದನ್ನು ಕಲಿಸುತ್ತೇನೆ. ಅವಳು ಓದಿ ಉಳಿದ ಹುಡುಗಿಯರಿಗೆ ಹಿಂದಿಯಲ್ಲಿ ಹೇಳಲಿ. ನೋಡೋಣ ಯಾರು ಮೊದಲು ಅಳುತ್ತಾರೆಂದು.

ನನ್ನ ಹೆಸರು ಭಾಗೀರಥಿ. ನಮ್ಮ ಮುತ್ತಜ್ಜ ಕರ್ನಾಟಕದಿಂದ ಕಾಶಿಗೆ ಬಂದು, ದಕ್ಷಿಣದ ಯಾತ್ರಿಕರಿಗೆ ಶ್ರಾದ್ಧ ತರ್ಪಣ ಮಾಡಿಸುತ್ತಾ ಇಲ್ಲೇ ನಿಂತವರು. ನಮ್ಮಪ್ಪನೂ ಅದೇ ಮಾಡಿಸಿದರು. ನಾನು ಮಾತ್ರ ಟೆಲಿಫೋನ್ ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಕೂತೆ. ತಲೆಗೆ ಹೆಡ್‌ಫೋನು, ಎದುರಿಗೆ ತೂತುಗಳ ಸಾಲು, ಕೈಯಲ್ಲಿ ಪ್ಲಗ್ಗು. "ಹಲೋ, ನಂಬರ್ ಪ್ಲೀಸ್." ದಿನವಿಡೀ ಇಷ್ಟೇ ಮಂತ್ರ. ನನಗೆ ಅದು ಸೆರೆಮನೆ. ಊರಿನವರೆಲ್ಲ ಮಾತಾಡುತ್ತಾರೆ, ನಾನು ಮಾತಾಡುವ ಹಾಗಿಲ್ಲ!

ಅಲ್ಲಿಂದ ನನ್ನನ್ನು ಬಿಡಿಸಿದ್ದು ಬನಾರಸಿನ ಹೆಂಗಸರು.

ನಡೆದದ್ದು ಹೀಗೆ. ಗಲ್ಲಿಯಲ್ಲಿ ಕಂಬಕ್ಕೆ ಜಾಗವಿಲ್ಲ ಎಂದೆನಲ್ಲ, ನೆಲ ಅಗೆದು ಕೇಬಲ್ ಹಾಕೋಣ ಎಂದರು ಮೇಲಿನವರು. ಅಗೆದರು. ಎರಡು ಮೊಳ ಇಳಿಯುವಷ್ಟರಲ್ಲಿ ಒಂದು ದುಂಡು ಕಲ್ಲು ಸಿಕ್ಕಿತು. ಕಾಶಿಯಲ್ಲಿ ದುಂಡು ಕಲ್ಲು ಸಿಕ್ಕರೆ ಅದನ್ನು ಕಲ್ಲು ಎನ್ನುವ ಧೈರ್ಯ ಯಾರಿಗಿದೆ? ಸಂಜೆಯೊಳಗೆ ಬಿಲ್ವಪತ್ರೆ ಬಿತ್ತು, ಮರುದಿನ ಗಂಟೆ ಕಟ್ಟಿದರು, ವಾರದೊಳಗೆ ಒಬ್ಬ ಪೂಜಾರಿಯೂ ಬಂದ. ನಮ್ಮ ಗುಂಡಿಯೇ ಗುಡಿ. ಅಗೆದ ಲೈನ್‌ಮನ್ ಲಲ್ಲನ್ ಅದಕ್ಕೆ ಕೈಮುಗಿದು, "ಭಗವಾನ್, ನಿಮಗೆ ಕನೆಕ್ಷನ್ ಬೇಡವೇ ಬೇಡ, ನೀವು ನೇರ ಮಾತಾಡ್ತೀರಿ" ಎಂದು ಗುದ್ದಲಿ ಎತ್ತಿಕೊಂಡು ಬಂದುಬಿಟ್ಟ.

ಕಂಬ ಬೇಡ, ಗುಂಡಿ ಬೇಡ. ಉಳಿದದ್ದು ಆಕಾಶ. ಒಂದು ಮನೆಯ ತಾರಸಿಯ ಗೋಡೆಗೆ ಕಬ್ಬಿಣದ ತೋಳು, ತೋಳಿನ ಮೇಲೆ ಎರಡು ಪಿಂಗಾಣಿ ಬಟ್ಟಲು, ಬಟ್ಟಲಿಗೆ ಬಿಗಿದ ಎರಡು ಬರಿಯ ತಂತಿ. ಅಲ್ಲಿಂದ ಪಕ್ಕದ ತಾರಸಿಗೆ, ಅಲ್ಲಿಂದ ಇನ್ನೊಂದಕ್ಕೆ. ಆಗ ತಂತಿಗೆ ಈಗಿನ ಹಾಗೆ ಪ್ಲಾಸ್ಟಿಕ್ ಅಂಗಿ ಇರಲಿಲ್ಲ, ಬತ್ತಲೆ ಲೋಹ. ಎರಡೂ ಒಂದಕ್ಕೊಂದು ತಾಗದೆ ಜೋಡಿಯಾಗಿ ಹೋಗಬೇಕು. ತಾಗಿದರೆ ಮುಗಿಯಿತು, ಯಾರೋ ರಿಸೀವರ್ ಎತ್ತಿ ಮಾತಾಡುತ್ತಿದ್ದಾರೆ ಎಂದುಕೊಳ್ಳುತ್ತದೆ ಎಕ್ಸ್‌ಚೇಂಜು. ಇಷ್ಟು ತಿಳಿದಿದ್ದರೆ ನನ್ನ ಕಥೆಗೆ ಸಾಕು.

ಆದರೆ ಬನಾರಸಿನ ತಾರಸಿ ಹೆಂಗಸರ ರಾಜ್ಯ. ಅಲ್ಲಿ ಅವರು ತಲೆ ಒಣಗಿಸುತ್ತಾರೆ, ಸಂಡಿಗೆ ಹಪ್ಪಳ ಹಾಕುತ್ತಾರೆ, ಅತ್ತೆಯನ್ನು ಬಯ್ಯುತ್ತಾರೆ. ಅಲ್ಲಿಗೆ ಮೀಸೆ ಹೊತ್ತ ಲಲ್ಲನ್ ಏಣಿ ಹಿಡಿದು "ಮಾತಾಜೀ, ಛತ್ ಪರ್ ಜಾನಾ ಹೈ" ಎಂದು ತಾರಸಿಗೆ ದಾರಿ ಕೇಳಿ ಕೂಗಿದರೆ? ಒಂದು ಮನೆಯಲ್ಲಿ ಪಾತ್ರೆ ತೊಳೆದ ನೀರು ಬಿತ್ತು. ಇನ್ನೊಂದರಲ್ಲಿ ಅಜ್ಜಿಯೊಬ್ಬಳು ಒನಕೆ ತೋರಿಸಿದಳು. ಲಲ್ಲನ್ ಒದ್ದೆಯಾಗಿ ಬಂದು ಇನ್‌ಸ್ಪೆಕ್ಟರ್ ತಿವಾರಿಜಿಯ ಮುಂದೆ ನಿಂತ. "ಸರ್ಕಾರ್, ನಾನು ಗಂಗೆಗೆ ಬೇಕಾದರೆ ಹಾರ್ತೀನಿ, ಈ ಮೊಹಲ್ಲಾಗೆ ಮಾತ್ರ ಹೋಗಲ್ಲ."

ತಿವಾರಿಜಿ ಯೋಚಿಸಿದರು. ಬೋರ್ಡಿನಲ್ಲಿ ಕೂತು ಸಂದು ಸಿಕ್ಕಾಗಲೆಲ್ಲ ಹರಟುವ ನಾನು ಅವರ ಕಣ್ಣಿಗೆ ಬಿದ್ದೆ. "ಈ ಭಾಗೀರಥಿ ಬಹಿನ್‌ಜೀ ಬಾಯಿ ಸುಮ್ಮನಿರಲ್ಲ. ಅದನ್ನೇ ಸರಕಾರಿ ಕೆಲಸಕ್ಕೆ ಹಚ್ಚೋಣ." ಹೀಗೆ ನಾನು ಲೈನ್ ಗ್ಯಾಂಗಿಗೆ ಬಂದೆ. ತಾತ್ಕಾಲಿಕ ಎಂದರು. ಬೇಡವೆನಿಸಿದ ದಿನ ವಾಪಸ್ಸು ಬೋರ್ಡಿಗೆ.

ಹುಡುಗಿಯರೇ, ಇದನ್ನು ಎರಡು ಸಲ ಓದಿಸಿ ಕೇಳಿ. ಮನೆಯವರು ತಾರಸಿಗೆ ಬಿಡುವುದಿಲ್ಲ ಎಂದು ದಿನಾ ಗೋಳಾಡುತ್ತೀರಲ್ಲ, ನೀವು ಕೇಳುವುದೇ ತಪ್ಪು. ತಾರಸಿ ಕೇಳಬೇಡಿ. ನೀರು ಕೇಳಿ. ಬಿಸಿಲಲ್ಲಿ ಬಂದ ಹೆಂಗಸಿಗೆ ನೀರು ಇಲ್ಲ ಎನ್ನುವ ಮನೆ ಕಾಶಿಯಲ್ಲಿಲ್ಲ. ನೀರಿನ ಜೊತೆ ಒಂದು ಚೂರು ಬೆಲ್ಲ ಬರುತ್ತದೆ. ಬೆಲ್ಲ ಬಾಯಿಗೆ ಹಾಕಿಕೊಂಡು, "ಅಮ್ಮಾ, ಉಪ್ಪಿನಕಾಯಿ ವಾಸನೆ ಮೂಗಿಗೆ ಬಡೀತಾ ಇದೆ, ಬಿಸಿಲಿಗೆ ಇಟ್ಟಿದ್ದೀರಾ?" ಎನ್ನಿ. ಅವರೇ ಕೈಹಿಡಿದು ಮೇಲೆ ಕರೆದುಕೊಂಡು ಹೋಗಿ ಜಾಡಿ ತೋರಿಸುತ್ತಾರೆ. ಮೇಲೆ ಹೋದ ಮೇಲೆ ಕಬ್ಬಿಣದ ತೋಳಿಗೆ ಯಾವ ಗೋಡೆ ಸರಿ ಎಂದು ನೋಡಿಕೊಂಡರೆ ಆಯಿತು. ಉಪ್ಪಿನಕಾಯಿಯನ್ನು ಮಾತ್ರ ನಿಜವಾಗಿ ಹೊಗಳಬೇಕು. ಸುಳ್ಳು ಹೊಗಳಿಕೆ ಹೆಂಗಸರಿಗೆ ಕೂಡಲೇ ಗೊತ್ತಾಗುತ್ತದೆ.

ಮೇಲಧಿಕಾರಿಯನ್ನು ನಿಭಾಯಿಸುವ ವಿದ್ಯೆಯನ್ನೂ ಹೇಳಿಬಿಡುತ್ತೇನೆ. ತಿವಾರಿಜಿ ಕೆಟ್ಟವರಲ್ಲ, ಆದರೆ ಮೊದಲು ಇಲ್ಲ ಎಂದು ಆಮೇಲೆ ಏನು ವಿಷಯ ಎಂದು ಕೇಳುವ ಜಾತಿ. ನಾನು ಕಂಡುಕೊಂಡದ್ದೇನೆಂದರೆ, ಅವರ ಬಾಯಲ್ಲಿ ಪಾನ್ ತುಂಬಿದ್ದಾಗ ಅವರು ಇಲ್ಲ ಎನ್ನಲಾರರು. ಇಲ್ಲ ಎನ್ನಬೇಕಾದರೆ ಉಗಿಯಬೇಕು. ಒಳ್ಳೆಯ ಮಘಯಿ ಪಾನ್ ಉಗಿಯಲು ಯಾವ ಬನಾರಸಿಗೆ ಮನಸ್ಸು ಬರುತ್ತದೆ? ಹಾಗಾಗಿ ಅವರು ಪಾನ್ ಹಾಕಿಕೊಂಡದ್ದು ನೋಡಿಯೇ ಹೋಗುತ್ತಿದ್ದೆ. "ಸಾಬ್, ಹೊಸ ತಂತಿ ಸುರುಳಿ ತಗೊಳ್ಳಲಾ?" ಅವರು "ಹ್ಞೂಂ" ಎನ್ನುತ್ತಿದ್ದರು. ನಮ್ಮ ಗ್ಯಾಂಗಿನ ಅರ್ಧ ಸಾಮಾನು ಹ್ಞೂಂನಲ್ಲೇ ಬಂದದ್ದು.

ಸಿನಿಮಾದಲ್ಲಿ ತಂತಿಗೆ ಶತ್ರುಗಳು ಕುದುರೆ ಏರಿ ಬಂದರು. ನಮ್ಮ ಶತ್ರುಗಳಿಗೆ ಬಾಲವಿತ್ತು. ಬನಾರಸಿನ ಮಂಗಗಳಿಗೆ ಎರಡು ತಾರಸಿಯ ನಡುವಿನ ತಂತಿ ಎಂದರೆ ಸ್ವಂತ ಮಕ್ಕಳಿಗೆ ಹಾಕಿಕೊಟ್ಟ ಉಯ್ಯಾಲೆ. ಗಾಳಿಪಟದ ಕಾಲದಲ್ಲಿ ದಾರಗಳು ಸಿಕ್ಕಿಕೊಂಡು ತಂತಿಗೆ ಗಡ್ಡ ಬೆಳೆಯುತ್ತಿತ್ತು. ಒಂದು ಸಲ ಗಲ್ಲಿಗೆ ಅಡ್ಡಲಾಗಿ ಎಳೆಯುತ್ತಿದ್ದ ಸಡಿಲ ತಂತಿ ಗೂಳಿಯ ಕೋಡಿಗೆ ಸಿಕ್ಕಿತು. ಅದು ಕಾಶಿಯ ಗೂಳಿ, ಓಡುವುದಿಲ್ಲ, ಹೆದರುವುದಿಲ್ಲ. ತನ್ನ ಪಾಡಿಗೆ ಗಂಭೀರವಾಗಿ ನಡೆದುಕೊಂಡು ಹೋಯಿತು. ಹಿಂದೆ ಸುರುಳಿ ಬಿಚ್ಚಿಕೊಳ್ಳುತ್ತಾ ಹೋಯಿತು. ಸುರುಳಿಯ ಹಿಂದೆ ಲಲ್ಲನ್ "ಅರೇ ಮಹಾರಾಜ್, ರುಕ್ ಜಾಯೀ!" ಎಂದು ನಿಲ್ಲುವಂತೆ ಬೇಡಿಕೊಳ್ಳುತ್ತಾ ಹೋದ. ತರಕಾರಿಯವರು, ಹಾಲಿನವರು, ಯಾತ್ರಿಕರು ಎಲ್ಲರೂ ಕಾಲೆತ್ತಿ ಕಾಲೆತ್ತಿ ತಂತಿ ದಾಟಿದರು. ಒಬ್ಬ ಪಂಡಿತರು ಇದೇನು ಹೊಸ ಉತ್ಸವ ಎಂದು ಕೇಳಿದರು.

ಮಣಿಕರ್ಣಿಕಾ ಘಾಟಿನ ಹತ್ತಿರ ಒಬ್ಬ ಕಟ್ಟಿಗೆ ವ್ಯಾಪಾರಿಗೆ ಫೋನ್ ಕೊಟ್ಟೆವು. ಅಲ್ಲಿ ಚಿತೆಯ ಹೊಗೆ ಕೂತು ಪಿಂಗಾಣಿ ಬಟ್ಟಲುಗಳು ಕಪ್ಪಾಗುತ್ತಿದ್ದವು, ಹೋಗಿ ಹೋಗಿ ಒರೆಸಬೇಕು. ಆ ವ್ಯಾಪಾರಿಯದು ನಗುಮುಖ. "ಬಹಿನ್‌ಜೀ, ಊರಲ್ಲೆಲ್ಲ ರಾಂಗ್ ನಂಬರ್ ಅಂತ ಗಲಾಟೆ. ನನ್ನ ಅಂಗಡಿಗೆ ಬರೋರು ಯಾರೂ ತಪ್ಪಿ ಬಂದಿಲ್ಲ ನೋಡಿ" ಎನ್ನುತ್ತಿದ್ದ.

ಈಗ ನಮ್ಮ ಛತ್ರದ ಲೈನಿಗೆ ಬರುತ್ತೇನೆ. ನನ್ನ ಇಡೀ ಸರ್ವಿಸ್ ನಿಂತದ್ದು ಅದರ ಮೇಲೆ.

ಕೇದಾರ ಘಾಟಿನ ಹತ್ತಿರ, ಬಂಗಾಲಿ ಟೋಲಾದ ಗಲ್ಲಿಯಲ್ಲಿ ಕನ್ನಡದ ಯಾತ್ರಿಕರು ಇಳಿದುಕೊಳ್ಳುವ ಒಂದು ಛತ್ರವಿತ್ತು. ಅಲ್ಲಿ ಅಡಿಗೆ ಮಾಡುತ್ತಿದ್ದವರು ಸುಬ್ಬತ್ತೆ. ನಮ್ಮಪ್ಪನ ದೊಡ್ಡಪ್ಪನ ಮಗಳು. ನನಗೆ ಅತ್ತೆ, ಹಾಗಾಗಿ ಗಲ್ಲಿಗೆಲ್ಲ ಅತ್ತೆ. ಶ್ರಾದ್ಧದ ಅಡಿಗೆ ಅವರದೇ ಕೈಯಲ್ಲಿ ಆಗಬೇಕು. ಅವರ ಮಡಿಯೋ, ಗಂಗೆಯೂ ಅವರನ್ನು ಕೇಳಿ ಹರಿಯಬೇಕು. ಅಡಿಗೆ ಮುಗಿಯುವವರೆಗೆ ಯಾರೂ ಅವರ ಹತ್ತಿರ ಸುಳಿಯುವಂತಿಲ್ಲ, ತಾರಸಿಗೆ ಹತ್ತುವಂತಿಲ್ಲ.

ಆ ಛತ್ರಕ್ಕೆ ಫೋನ್ ಬೇಕು ಎಂದು ಹಟ ಹಿಡಿದವಳು ನಾನೇ. ಯಾಕೆಂದರೆ ಗೌರಮ್ಮ. ದಾವಣಗೆರೆಯ ಕಡೆಯವಳು, ಗಂಡನ ಜೊತೆ ಯಾತ್ರೆಗೆ ಬಂದಿದ್ದಳು. ಗಂಡ ಘಾಟಿನ ಪಾವಟಿಗೆಯ ಮೇಲೆ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ್ದ. ಗೌರಮ್ಮನಿಗೆ ಹಿಂದಿಯ ಒಂದಕ್ಷರ ಬಾರದು. ಊರಲ್ಲಿದ್ದ ತಮ್ಮ ಬಂದರೆ ಮಾತ್ರ ಅವಳಿಗೆ ಉಸಿರು. ಟೆಲಿಗ್ರಾಂ ಕೊಟ್ಟಳು, ಉತ್ತರವಿಲ್ಲ. ಅದು ತಲುಪಿತೋ ಇಲ್ಲವೋ, ತಮ್ಮ ಹೊರಟನೋ ಇಲ್ಲವೋ ಎಂದು ಛತ್ರದ ಬಾಗಿಲಲ್ಲಿ ಕೂತಿರುತ್ತಿದ್ದಳು.

ನಮ್ಮ ಪ್ರದೇಶಕ್ಕೆ ಆಗ ಉಳಿದಿದ್ದದ್ದು ಒಂದೇ ಕನೆಕ್ಷನ್. ಅದರ ಮೇಲೆ ದೊಡ್ಡ ರಸ್ತೆಯ ಒಬ್ಬ ಹೋಟೆಲಿನವನ ಕಣ್ಣೂ ಇತ್ತು. ತಿವಾರಿಜಿ ಪಾನ್ ಇಲ್ಲದ ಬಾಯಲ್ಲಿ ಸ್ಪಷ್ಟವಾಗಿ ಹೇಳಿದರು: "ಛತ್ರಕ್ಕೆ ಕೊಡ್ತೀನಿ. ದೊಡ್ಡ ಸಾಹೇಬರು ನೋಡೋಕೆ ಬರ್ತಾರೆ. ಅವತ್ತು ಫೋನ್ ಸತ್ತಿದ್ರೆ ಲೈನ್ ಕಿತ್ತು ಹೋಟೆಲಿಗೆ. ಮತ್ತೆ ಬಹಿನ್‌ಜೀ, ನೀವು ಬೋರ್ಡಿಗೆ."

ಎಳೆದೆವು. ಎಷ್ಟು ಮನೆಯ ನೀರು ಕುಡಿದೆನೋ, ಹೊಟ್ಟೆ ಗಂಗೆಯಾಯಿತು. ಕೊನೆಯ ತೋಳನ್ನು ಛತ್ರದ ತಾರಸಿಯಲ್ಲೇ ಬಡಿದೆವು, ಮಧ್ಯಾಹ್ನದ ಮೇಲೆ, ಸುಬ್ಬತ್ತೆಯ ಅಡಿಗೆ ಮುಗಿದ ಮೇಲೆ. ಕೆಳಗೆ ಹಜಾರದ ಗೂಡಿನಲ್ಲಿ ಕರಿಯ ಫೋನು ಕೂತಿತು. ಬಾರಿಸಿ ನೋಡಿದೆವು. ಟ್ರಿಣ್ ಎಂದಿತು! ಗೌರಮ್ಮ ತಮ್ಮನಿಗೆ ಇನ್ನೊಂದು ಟೆಲಿಗ್ರಾಂ ಕೊಟ್ಟಳು: ಈ ನಂಬರಿಗೆ ಬೆಳಗಿನ ಹೊತ್ತು ಟ್ರಂಕ್ ಕಾಲ್ ಮಾಡು. ಮಧ್ಯಾಹ್ನದ ಮೇಲೆ ಅವಳು ಗಂಡನ ಹತ್ತಿರ ಆಸ್ಪತ್ರೆಯಲ್ಲಿರುತ್ತಿದ್ದಳು.

ಮರುದಿನ ಬೆಳಿಗ್ಗೆಯಿಂದ ಶುರುವಾಯಿತು. ಎಕ್ಸ್‌ಚೇಂಜಿನಿಂದ ನನ್ನ ಗೆಳತಿ ಶಾಂತಿ ಹೇಳಿ ಕಳಿಸಿದಳು: ದಾವಣಗೆರೆಯಿಂದ ಕಾಲ್ ಬಂದಿತ್ತು, ನಿಮ್ಮ ಛತ್ರದ ಲೈನ್ ಎಂಗೇಜ್. ನಾನು ಓಡಿದೆ. ಫೋನಿನ ಹತ್ತಿರ ನರಪಿಳ್ಳೆಯಿಲ್ಲ, ರಿಸೀವರ್ ತನ್ನ ಜಾಗದಲ್ಲೇ ಇದೆ, ಎತ್ತಿದರೆ ಬರಿಯ ಕೊರಕೊರ. ಮಧ್ಯಾಹ್ನ ಹೊತ್ತಿಗೆ ತಾನಾಗಿ ಸರಿಯಾಯಿತು. ಮರುದಿನ ಬೆಳಿಗ್ಗೆ ಮತ್ತೆ ಎಂಗೇಜ್. ಮಧ್ಯಾಹ್ನ ಮತ್ತೆ ಸರಿ. ಅದರ ಮರುದಿನವೂ ಅದೇ.

"ನಿಮ್ಮ ಕನ್ನಡದೋರು ಬೆಳಗಿಂದ ಯಾರ ಹತ್ರ ಅಷ್ಟು ಮಾತಾಡ್ತಾರೆ?" ಎಂದಳು ಶಾಂತಿ. ತಿವಾರಿಜಿ "ಪುರೋಹಿತರು ನೇರ ಪಿತೃಲೋಕಕ್ಕೆ ಲೈನ್ ಹಾಕಿರ್ಬೇಕು" ಎಂದರು. ಲಲ್ಲನ್ ಮಾತ್ರ ನಗಲಿಲ್ಲ. "ಬಹಿನ್‌ಜೀ, ಭೂತ್ ಹೈ. ಬೆಳಿಗ್ಗೆ ಬರತ್ತೆ, ಊಟಕ್ಕೆ ಹೋಗತ್ತೆ."

ಪ್ರತಿದಿನ ನಾವು ತಾರಸಿಗೆ ಹತ್ತಿ ತಂತಿ, ಬಟ್ಟಲು, ಗಂಟು ಎಲ್ಲ ನೋಡಿದೆವು. ಎಲ್ಲ ಸರಿಯಾಗಿತ್ತು. ಆದರೆ ಹತ್ತಿದ್ದು ಯಾವಾಗ? ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಸುಬ್ಬತ್ತೆಯ ಮಡಿ. ಬಾಗಿಲಿಗೆ ಬಂದರೆ ಒಳಗಿನಿಂದಲೇ ಕೂಗು: "ಯಾರೇ ಅದು, ಮೆಟ್ಟಿಲ ಮೇಲೆ ಕಾಲಿಟ್ಟೋಳು? ಶ್ರಾದ್ಧದ ಅಡಿಗೆ ಆಗ್ತಾ ಇದೆ!" ಲೈನ್ ಗ್ಯಾಂಗಿನ ಚಪ್ಪಲಿ ಮೆಟ್ಟಿ ಊರೆಲ್ಲ ತಿರುಗುವ ನಾನು ಅವರ ಲೆಕ್ಕದಲ್ಲಿ ಅಪ್ಪಟ ಮೈಲಿಗೆ.

ಸಾಹೇಬರು ಬರುವ ದಿನ ಬಂತು. ಬರುವುದು ಬೆಳಿಗ್ಗೆಯೇ ಎಂದು ಗೊತ್ತಾಯಿತು. ಬೆಳಿಗ್ಗೆ ಎಂದರೆ ಭೂತದ ಹೊತ್ತು. ಗೌರಮ್ಮ ಬೆಳಗಿನ ಕಾಲ್ ಮೇಲಿನ ಆಸೆ ಬಿಟ್ಟು ಗಂಡನಿಗೆ ಗಂಜಿ ತೆಗೆದುಕೊಂಡು ಆಸ್ಪತ್ರೆಗೆ ಹೋಗಿದ್ದಳು. ನಾನು ಒಂದು ಕೆಲಸ ಮಾಡಿದೆ. ಛತ್ರದ ಎದುರುಮನೆಗೆ ಹೋಗಿ ನೀರು ಕೇಳಿದೆ. ಉಪ್ಪಿನಕಾಯಿ ಹೊಗಳಿದೆ. ಆ ತಾರಸಿಗೆ ಹತ್ತಿ ಗಲ್ಲಿಯಾಚೆ ಛತ್ರದ ತಾರಸಿಯತ್ತ ನೋಡಿದೆ.

ನಮ್ಮ ಎರಡೂ ತಂತಿಗಳ ಮೇಲೆ ಅಡ್ಡಲಾಗಿ, ನೀರು ತೊಟ್ಟಿಕ್ಕುತ್ತಾ, ಬೆಳಗಿನ ಗಾಳಿಗೆ ಹಿಗ್ಗಿ ಹಿಗ್ಗಿ ತೂಗಾಡುತ್ತಿತ್ತು ಸುಬ್ಬತ್ತೆಯ ಒಂಬತ್ತು ಗಜದ ಮಡಿ ಸೀರೆ.

ನಗು ಬಂತು, ಅಳು ಬಂತು, ಯಾವುದು ಮೊದಲು ಎಂದು ಹೇಳಲಾರೆ. ಮಡಿ ಸೀರೆಯನ್ನು ಯಾರ ಕೈಗೂ ಎಟುಕದ ಎತ್ತರದಲ್ಲಿ ಕೋಲಿನಿಂದ ಒಣಹಾಕಬೇಕು. ಕಾಶಿಯ ಇಕ್ಕಟ್ಟಿನಲ್ಲಿ ಅಂಥ ಎತ್ತರ ಎಲ್ಲಿ ಸಿಗಬೇಕು? ಸಿಕ್ಕಿತ್ತಲ್ಲ, ಸರಕಾರವೇ ಕಟ್ಟಿಕೊಟ್ಟಿತ್ತು! ಒದ್ದೆ ಸೀರೆ ಎರಡು ತಂತಿಯನ್ನೂ ತಬ್ಬಿಕೊಂಡರೆ ಎಕ್ಸ್‌ಚೇಂಜಿಗೆ ಯಾರೋ ಮಾತಾಡುತ್ತಿದ್ದಾರೆ ಎನಿಸುತ್ತದೆ. ಮಧ್ಯಾಹ್ನಕ್ಕೆ ಸೀರೆ ಒಣಗಿ ಮಡಿಕೆಯಾಗಿ ಒಳಗೆ ಹೋಗುತ್ತದೆ, ಫೋನ್ ಬದುಕುತ್ತದೆ. ಆಮೇಲೆ ನಾವು ಬಂದು ಭೂತ ಹುಡುಕುತ್ತೇವೆ.

ಛತ್ರಕ್ಕೆ ಓಡಿದೆ. ಸುಬ್ಬತ್ತೆ ಇರಲಿಲ್ಲ, ಅಡಿಗೆಗೆ ಗಂಗೆಯ ನೀರು ತರಲು ಘಾಟಿಗೆ ಹೋಗಿದ್ದರು. ಬಾಗಿಲಲ್ಲಿ ಲಲ್ಲನ್. "ಸಾಹೇಬರ ಜೀಪು ದೊಡ್ಡ ರಸ್ತೆಗೆ ಬಂತು. ನಡ್ಕೊಂಡು ಬರ್ತಾ ಇದ್ದಾರೆ."

"ಭೂತ ಸಿಕ್ತು, ಲಲ್ಲನ್. ಸೀರೆ ಉಟ್ಟಿದೆ" ಎಂದೆ.

"ನಾನು ಎಳೆದು ಹಾಕ್ತೀನಿ" ಎಂದು ಮೆಟ್ಟಿಲ ಕಡೆಗೆ ಹೊರಟ. ತಡೆದೆ. ಅವನು ಮುಟ್ಟಿದರೂ, ನಾನು ಮುಟ್ಟಿದರೂ ನಾಳೆ ಸುಬ್ಬತ್ತೆಗೆ ಉಡಲು ಮಡಿ ಸೀರೆಯಿಲ್ಲ. ನಾಳೆ ಯಾರದೋ ತಂದೆಯ ಶ್ರಾದ್ಧದ ಅಡಿಗೆಯಿಲ್ಲ. ಆಮೇಲೆ ಅವರು ತಂತಿಯನ್ನೇ ಕಿತ್ತು ಗಂಗೆಗೆ ಎಸೆಯುತ್ತಾರೆ, ಜೊತೆಗೆ ನನ್ನನ್ನೂ. ಮಡಿ ಸೀರೆ ಮುಟ್ಟಬೇಕಾದರೆ ಮುಟ್ಟುವವಳೇ ಮಡಿಯಾಗಬೇಕು.

ಅಂಗಳದ ತೊಟ್ಟಿಯ ಹತ್ತಿರ ಹೋದೆ. ಒಂದು ಬಕೆಟ್ ಎತ್ತಿ, ಆಫೀಸಿನ ಸೀರೆ ಉಟ್ಟಂತೆಯೇ ತಲೆಯ ಮೇಲೆ ಸುರಿದುಕೊಂಡೆ. ಇನ್ನೊಂದು. ಮೂರನೆಯದನ್ನು ಸುರಿದುಕೊಂಡು ಕಣ್ಣು ಬಿಟ್ಟರೆ ಬಾಗಿಲಲ್ಲಿ ದೊಡ್ಡ ಸಾಹೇಬರು, ಪಕ್ಕದಲ್ಲಿ ತಿವಾರಿಜಿ. ತಿವಾರಿಜಿಯ ಎರಡೂ ಕೆನ್ನೆ ಪಾನಿನಿಂದ ಉಬ್ಬಿದ್ದವು. ಕಣ್ಣು ಮಾತ್ರ ಏನೇನೋ ಬೈಯುತ್ತಿತ್ತು.

"ಇವರು ನಮ್ಮ ಸ್ಟಾಫಾ?" ಎಂದು ಹಿಂದಿಯಲ್ಲಿ ಕೇಳಿದರು ಸಾಹೇಬರು.

"ಹ್ಞೂಂ" ಎಂದರು ತಿವಾರಿಜಿ.

"ಏನು ಮಾಡ್ತಾ ಇದ್ದಾರೆ?"

ಲಲ್ಲನ್ ಸೆಟೆದು ನಿಂತು ಸಲಾಂ ಹೊಡೆದ. "ಲೈನ್ ಶುದ್ಧ ಮಾಡ್ತಾ ಇದ್ದಾರೆ, ಸಾಹೇಬ್!"

ನಾನು ನಿಲ್ಲಲಿಲ್ಲ. ಮಡಿಕೋಲು ಎತ್ತಿಕೊಂಡು ಜುಳುಜುಳು ನೀರಿಳಿಸುತ್ತಾ ಮೆಟ್ಟಿಲು ಹತ್ತಿದೆ. ಸಾಹೇಬರಿಗೆ ಕುತೂಹಲ ತಡೆಯಲಿಲ್ಲ, ಹಿಂದೆಯೇ ಬಂದರು. ಅವರ ಹಿಂದೆ ತಿವಾರಿಜಿ, ಲಲ್ಲನ್. ಕೋಲಿನ ತುದಿಯನ್ನು ಸೀರೆಯ ಕೆಳಗೆ ತೂರಿಸಿ, ಉಸಿರು ಬಿಗಿಹಿಡಿದು ಮೇಲೆತ್ತಿದೆ. ಒದ್ದೆ ಸೀರೆಯ ಭಾರ ಏನು ಎಂದು ಕೋಲು ಹಿಡಿದವರಿಗೇ ಗೊತ್ತು. ಒಂದು ತಂತಿಯಿಂದ ಬಿಟ್ಟಿತು. ಎರಡನೆಯದರಿಂದಲೂ ಬಿಟ್ಟಿತು. ಸೀರೆ ಪೂರಾ ನನ್ನ ಕೋಲಿನ ಮೇಲೆ ಬಂತು.

ಆಗ ಹೊಳೆಯಿತು: ಇದನ್ನು ಇಡುವುದೆಲ್ಲಿ? ಗೋಡೆಗೆ ತಾಗಿದರೆ ಮೈಲಿಗೆ, ನೆಲಕ್ಕೆ ತಾಗಿದರೆ ಮೈಲಿಗೆ. ಹಾಗೇ ಎತ್ತಿ ಹಿಡಿದು ನಿಂತೆ. ಕೆಳಗೆ ಗಂಗೆ, ಸುತ್ತ ಬನಾರಸಿನ ಅಷ್ಟೂ ತಾರಸಿಗಳು, ಅದರ ಮೇಲೆ ನಾವೇ ಎಳೆದ ತಂತಿಗಳು ಬಿಸಿಲಿಗೆ ಮಿನುಗುತ್ತಾ. ನಡುವೆ ತೊಯ್ದ ಕೋಳಿಯ ಹಾಗೆ ನಾನು, ನನ್ನ ತಲೆಯ ಮೇಲೆ ಪಟಪಟ ಹಾರುವ ಬಾವುಟ. ಯಾವ ಸೇನಾಪತಿಯೂ ಕೋಟೆ ಗೆದ್ದು ಹಾಗೆ ನಿಂತಿರಲಾರ ಹುಡುಗಿಯರೇ, ಬಿಡಿ.

ಅಷ್ಟರಲ್ಲಿ ಕೆಳಗೆ ಫೋನು ಟ್ರಿಣ್ ಟ್ರಿಣ್ ಎಂದಿತು. ಶಾಂತಿ ಬೆಳಗಿನಿಂದ ಆ ಕಾಲನ್ನು ಕೈಬಿಡದೆ ಹಿಡಿದುಕೊಂಡಿದ್ದಳು.

ಎತ್ತುವವರು ಯಾರು? ಎಲ್ಲರೂ ತಾರಸಿಯ ಮೇಲಿದ್ದೇವೆ. ಯಾತ್ರಿಕರು ಘಾಟಿನಲ್ಲಿ. ಬನಾರಸಿನ ಮನೆಗಳ ತಾರಸಿಯ ನಡುವೆ ಅಂಗಳಕ್ಕೆ ಬೆಳಕು ಬೀಳಲು ಕಬ್ಬಿಣದ ಜಾಲರಿ ಇರುತ್ತದೆ. ಅದರಲ್ಲಿ ಬಗ್ಗಿ ನೋಡಿದರೆ, ಗಂಗೆಯ ಬಿಂದಿಗೆ ಸೊಂಟದಲ್ಲಿಟ್ಟುಕೊಂಡು ಸುಬ್ಬತ್ತೆ ಆಗತಾನೇ ಒಳಗೆ ಬರುತ್ತಿದ್ದಾರೆ.

"ಅಯ್ಯೋ, ಇದ್ಯಾಕೆ ಹಿಂಗೆ ಬಡ್ಕೋತಾ ಇದೆ? ಭಾಗೀ! ಲೇ ಭಾಗೀ!"

"ಅತ್ತೆ, ಅದನ್ನ ಎತ್ತಿ!" ಎಂದು ಜಾಲರಿಯಿಂದ ಕೂಗಿದೆ.

"ನಾನ್ಯಾಕೆ ಎತ್ತಲಿ? ಮಡಿಯಲ್ಲಿದ್ದೀನಿ. ಯಾರ್ಯಾರು ಮುಟ್ಟಿರೋ ವಸ್ತುವೋ ಏನೋ! ನೀನಲ್ಲಿ ಮೇಲೇನು ಮಾಡ್ತಿದ್ದೀಯೇ?"

"ನಿಮ್ಮ ಸೀರೆ ಹಿಡ್ಕೊಂಡಿದ್ದೀನಿ."

"ಏನಂದೆ?"

"ಮಿಂದು ಹಿಡ್ಕೊಂಡಿದ್ದೀನಿ ಅತ್ತೆ, ಕೋಲಲ್ಲಿ. ಮಡಿ ಕೆಟ್ಟಿಲ್ಲ. ಆದ್ರೆ ಕೈ ಸೋಲ್ತಾ ಇದೆ. ಪಕ್ಕದಲ್ಲೇ ಸಾಹೇಬರ ಬೂಟ್ಸು ಇದೆ. ಆ ಫೋನ್ ನೀವು ಎತ್ತದಿದ್ರೆ ಸೀರೆ ಅದ್ರ ಮೇಲೇ ಬೀಳತ್ತೆ."

"ಹಾಳು ಮುಂಡೇದೇ! ಬಿಟ್ಟೀಯ, ಜೋಕೆ!"

ಬಿಂದಿಗೆ ಇಟ್ಟ ಸದ್ದು. ಅಡಿಗೆಮನೆಗೆ ಓಡಿದ ಸದ್ದು. ಹೊರಗೆ ಬಂದಾಗ ಕೈಯಲ್ಲಿ ಬಿಸಿ ಪಾತ್ರೆ ಇಳಿಸುವ ಇಕ್ಕಳ. ಇಕ್ಕಳದಿಂದ ರಿಸೀವರನ್ನು ಕಚ್ಚಿ ಹಿಡಿದು, ಉರಿಯುವ ಕೊಳ್ಳಿಯೇನೋ ಎಂಬಂತೆ ತೋಳುದ್ದ ದೂರ ಚಾಚಿಕೊಂಡು, ಕೂಗಿದರು:

"ಯಾರಪ್ಪಾ ಅದು? ಮಡಿಯಲ್ಲಿದ್ದೀನಿ! ಹತ್ರ ಬರ್ಬೇಡ, ಅಲ್ಲಿಂದಲೇ ಮಾತಾಡು!"

ಅಲ್ಲಿಂದಲೇ ಎಂದರೆ ದಾವಣಗೆರೆಯಿಂದ. ಅವನೂ ಅಲ್ಲಿಂದ ಗಂಟಲು ಹರಿಯುವಂತೆ ಕೂಗಿದ. ಸುಬ್ಬತ್ತೆ ಕತ್ತು ಚಾಚಿ ಕೇಳಿಸಿಕೊಂಡರು. "ಯಾರು? ಗೌರಮ್ಮನ ತಮ್ಮನಾ? ಹೂಂ... ಹೂಂ... ಜೋರಾಗಿ ಹೇಳೋ, ಬೆಳಿಗ್ಗೆ ಏನೂ ತಿಂದಿಲ್ವಾ? ... ಭಾಗೀ, ಟೆಲಿಗ್ರಾಂ ಮುಟ್ಟಿದೆಯಂತೆ! ರೈಲಿನ ಟಿಕೆಟ್ ಸಿಕ್ಕಿದೆಯಂತೆ! ಇವತ್ತೇ ಹೊರಟನಂತೆ, ಜೊತೆಗೆ ಚಿಕ್ಕಪ್ಪನೂ ಬರ್ತಾರಂತೆ!"

ನಾನು ಸೀರೆ ಹಿಡಿದುಕೊಂಡೇ ಸಾಹೇಬರಿಗೆ ಹಿಂದಿಯಲ್ಲಿ ಹೇಳಿದೆ. ಅವರು ಜಾಲರಿಯಲ್ಲಿ ಬಗ್ಗಿ ಇಕ್ಕಳ ನೋಡಿದರು, ತಲೆಯೆತ್ತಿ ಸೀರೆ ನೋಡಿದರು, ಆಮೇಲೆ ತಾರಸಿಯ ಗೋಡೆ ಹಿಡಿದುಕೊಂಡು ನಕ್ಕರು. ಕಣ್ಣೀರು ಒರೆಸಿಕೊಂಡು ತಿವಾರಿಜಿಯತ್ತ ತಿರುಗಿದರು. "ಈ ಲೈನ್ ಇಲ್ಲೇ ಇರಲಿ. ಹೋಟೆಲಿನವರು ಕಾಯಲಿ. ಈ ಬಹಿನ್‌ಜೀನ ಇನ್ನು ಬೋರ್ಡಿಗೆ ಕಳಿಸಬೇಡಿ. ಏನಂತೀರಿ?"

"ಹ್ಞೂಂ" ಎಂದರು ತಿವಾರಿಜಿ.

ಲಲ್ಲನ್ ನಮ್ಮ ತಂತಿಗಿಂತ ಮೂರು ಮೊಳ ಎತ್ತರದಲ್ಲಿ ಸುಬ್ಬತ್ತೆಗೆಂದೇ ಒಂದು ಹೊಸ ಹಗ್ಗ ಕಟ್ಟಿದ. ಅವನು ಮುಟ್ಟಿದ ಹಗ್ಗಕ್ಕೆ ನಾನು ಗಂಗೆಯ ನೀರು ಹಾಕಿದೆ, ಸೀರೆ ಅದರ ಮೇಲೆ ಏರಿತು. ಸಾಹೇಬರೇ ನಿಂತು ಹಗ್ಗ ಬಿಗಿಯಾಗಿದೆಯೇ ಎಂದು ನೋಡಿದರು. ನಿವೃತ್ತಿಯಾಗುವವರೆಗೂ ನಾನು ತಾರಸಿಗಳನ್ನು ಬಿಟ್ಟು ಇಳಿಯಲಿಲ್ಲ. ತಂತಿಗೆ ಅಂಗಿ ಬಂತು, ಕೇಬಲ್ ಬಂತು, ಕಂಪ್ಯೂಟರ್ ಬಂತು. ಈಗ ನಿಮ್ಮ ಫೈಬರ್ ಮತ್ತೆ ತಾರಸಿಯಿಂದ ತಾರಸಿಗೇ ಹಾರುತ್ತಿದೆ.

ಅವತ್ತು ಕೆಳಗಿಳಿದು ಬಂದಾಗ ಗೌರಮ್ಮ ಆಸ್ಪತ್ರೆಯಿಂದ ಆಗತಾನೇ ಬಂದಿದ್ದಳು. ಕೈಯಲ್ಲಿ ಗಂಜಿಯ ಖಾಲಿ ಡಬ್ಬಿ, ಮೈಯೆಲ್ಲ ಔಷಧಿಯ ವಾಸನೆ. ಸುಬ್ಬತ್ತೆ ಹೊಸ್ತಿಲಲ್ಲೇ ನಿಂತು, "ನಿನ್ನ ತಮ್ಮ ಹೊರಟ ಕಣೇ. ನಾನೇ ಮಾತಾಡ್ದೆ" ಎಂದರು, ದಾವಣಗೆರೆಗೆ ತಾವೇ ಹೋಗಿ ಬಂದಷ್ಟು ಗತ್ತಿನಿಂದ.

ಗೌರಮ್ಮ ಡಬ್ಬಿ ಬಿಟ್ಟಳು. ಅದು ಅಂಗಳದುದ್ದ ಉರುಳಿತು. ಯಾರು ಏನು ಎಂದು ನೋಡದೆ ಸುಬ್ಬತ್ತೆಯನ್ನು ಗಟ್ಟಿಯಾಗಿ ತಬ್ಬಿಕೊಂಡು ಹೋ ಎಂದು ಅತ್ತಳು. ಆಸ್ಪತ್ರೆಯ ಮೈಲಿಗೆ, ಗಲ್ಲಿಯ ಮೈಲಿಗೆ, ಎಲ್ಲ ಸಮೇತ. ನಾನೂ ಲಲ್ಲನ್ನೂ ಕಣ್ಣುಮುಚ್ಚಿಕೊಂಡೆವು, ಈಗ ಕಾಶಿ ಹೊತ್ತಿ ಉರಿಯುತ್ತದೆ ಎಂದು.

ಏನೂ ಆಗಲಿಲ್ಲ. ಕಣ್ಣುಬಿಟ್ಟು ನೋಡಿದರೆ ಸುಬ್ಬತ್ತೆ ಅವಳ ಬೆನ್ನು ತಟ್ಟುತ್ತಿದ್ದರು.

"ಅಳು, ಅಳು. ಪರವಾಗಿಲ್ಲ" ಎಂದರು. "ನಾನು ಹೇಗೂ ಇನ್ನೊಂದು ಸಲ ಮುಳುಗಿ ಬರ್ಬೇಕಿತ್ತು. ಆ ನಿನ್ನ ತಮ್ಮ ಮಿಂದು ಮಾತಾಡಿದ್ನೋ, ಮೀಯದೇ ಮಾತಾಡಿದ್ನೋ, ಕೇಳೋದೇ ಮರ್ತುಬಿಟ್ಟೆ."